ಪ್ರಾಯಶ್ಚಿತ್ತ ಬಲಿ (ಕ್ರೈಸ್ತ ದೈವಶಾಸ್ತ್ರ)

ಯೇಸು ಕ್ರಿಸ್ತ ಶಿಲುಬೆಯ ಮೇಲೆ ತನ್ನನ್ನೇ ಬಲಿಯಾಗಿ ಒಪ್ಪಿಸಿಕೊಂಡದ್ದರಿಂದ ಮನುಷ್ಯನ ಪಾಪಕ್ಕೆ ದೇವರ ಕ್ಷಮೆ ದೊರೆಯಿತು ಎಂಬ ಕ್ರೈಸ್ತ ನಂಬಿಕೆ. ಕ್ರಿಸ್ತ ಸತ್ತದ್ದು ನಮಗೋಸ್ಕರ ಎಂಬಲ್ಲಿ ಎಲ್ಲ ಸಭೆಗಳದೂ ಒಂದೇ ಮಾತು. ಆ ಸಾವು ಕ್ಷಮೆಯನ್ನು ಹೇಗೆ ತಂದಿತು, ಬಲಿಯಿಲ್ಲದೆ ದೇವರು ಕ್ಷಮಿಸಬಾರದಿತ್ತೆ ಎಂದು ಕೇಳಿದರೆ ಮಾತ್ರ ಉತ್ತರಗಳು ಕವಲೊಡೆಯುತ್ತವೆ. 325 ಮತ್ತು 381ರ ಮಹಾಸಭೆಗಳಲ್ಲಿ ರೂಪುಗೊಂಡ ನೈಸೀಯ ವಿಶ್ವಾಸಪ್ರಮಾಣ ಕ್ರಿಸ್ತನ ಸ್ವರೂಪವನ್ನು ಪದಪದವಾಗಿ ನಿಷ್ಕರ್ಷೆ ಮಾಡಿದೆ. ಅವನ ಸಾವು ಕೆಲಸ ಮಾಡಿದ ಬಗೆಯನ್ನು ವಿವರಿಸಿಲ್ಲ. ಹಾಗಾಗಿ ಈ ವಿಷಯದಲ್ಲಿ ಇರುವುದು ಒಂದು ಸಿದ್ಧಾಂತವಲ್ಲ, ಸಿದ್ಧಾಂತಗಳ ಸಾಲು.

ಕನ್ನಡ ಸೀಮೆಯಲ್ಲಿ ಈ ಚರ್ಚೆಗೆ ಬೇರೆಯದೇ ಹಿನ್ನೆಲೆಯಿದೆ. ಯಜ್ಞದ ಪಶು, ಮಾರಿಯ ಕೋಣ, ಕೆರೆಗೆ ಹಾರವಾದ ಸೊಸೆ, ಹಿಟ್ಟಿನ ಕೋಳಿಯನ್ನು ಕೊಂದು ಕೆಟ್ಟ ಅರಸು, ಇವರೆಲ್ಲರ ಕತೆ ಬಲ್ಲ ಕೇಳುಗರ ಮುಂದೆ ಇಲ್ಲಿನ ಬೋಧಕರು ಶಿಲುಬೆಯ ಬಲಿಯನ್ನು ವಿವರಿಸಬೇಕಾಯಿತು. ಬಳ್ಳಾರಿಯನ್ನು ಕೇಂದ್ರವಾಗಿಸಿಕೊಂಡ ಮಿಷನ್ ಸೀಮೆ, ಅದರಲ್ಲೂ ಇಂದು ಆಂಧ್ರಪ್ರದೇಶದಲ್ಲಿರುವ ರಾಯದುರ್ಗ ಮತ್ತು ಮಡಕಶಿರ, ಇದನ್ನು ನೋಡಲು ತಕ್ಕ ಜಾಗಗಳು.

ಹಳೆಯ ಒಡಂಬಡಿಕೆಯ ಹಿನ್ನೆಲೆ

ಬೈಬಲಿನ ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳು ಐದು ಬಗೆಯ ಅರ್ಪಣೆಗಳನ್ನು ವಿಧಿಸುತ್ತವೆ: ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತ ಯಜ್ಞ. ಇವುಗಳ ಶಿಖರ 16ನೆಯ ಅಧ್ಯಾಯದ ದೋಷಪರಿಹಾರಕ ದಿನ. ಏಳನೆಯ ತಿಂಗಳ ಹತ್ತನೆಯ ದಿನ ಮಹಾಯಾಜಕ ಮೊದಲು ತನಗೂ ತನ್ನ ಮನೆತನಕ್ಕೂ ಒಂದು ಹೋರಿಯನ್ನು ಒಪ್ಪಿಸುತ್ತಾನೆ. ಆಮೇಲೆ ಜನರ ಪರವಾಗಿ ಎರಡು ಹೋತಗಳನ್ನು ನಿಲ್ಲಿಸಿ ಚೀಟು ಹಾಕುತ್ತಾನೆ. ಒಂದು ಬಲಿಗೆ, ಅದರ ರಕ್ತವನ್ನು ಧೂಪದ ಹೊಗೆ ಕವಿದ ಗರ್ಭಗೃಹದೊಳಗೆ ಒಯ್ದು ಕೃಪಾಸನದ ಮೇಲೂ ಮುಂದೆಯೂ ಚಿಮುಕಿಸುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಎಲ್ಲ ಅಪರಾಧಗಳನ್ನು ಅರಿಕೆ ಮಾಡಿ, ಅದನ್ನು ಜೀವಂತವಾಗಿ ಅಡವಿಗೆ ಅಟ್ಟಿಸುತ್ತಾನೆ. ಪಾಪ ಹೊತ್ತ ಹೋತವನ್ನು ಕೊಲ್ಲುವುದಿಲ್ಲ, ಕೊಂದ ಹೋತದ ಮೇಲೆ ಪಾಪ ಹೊರಿಸುವುದಿಲ್ಲ. ನಮ್ಮ ಬದಲಿಗೆ ಶಿಕ್ಷೆ ಉಂಡ ಪ್ರಾಣಿ ಎಂಬ ಸರಳ ವಿವರಣೆಗೆ ಈ ವಿಧಿ ಪೂರ್ತಿ ಒಗ್ಗುವುದಿಲ್ಲ ಎಂದು ಹಲವು ಪಂಡಿತರು ಎತ್ತಿ ತೋರಿಸಿದ್ದಾರೆ. ಯಾಜಕಕಾಂಡಕ್ಕೆ ವಿಸ್ತಾರವಾದ ಭಾಷ್ಯ ಬರೆದ ಯೆಹೂದಿ ವಿದ್ವಾಂಸ ಜೇಕಬ್ ಮಿಲ್‌ಗ್ರೋಮ್ ಪ್ರಕಾರ ಆ ರಕ್ತ ತೊಳೆಯುತ್ತಿದ್ದದ್ದು ಪಾಪಿಯನ್ನಲ್ಲ, ಜನರ ಪಾಪದಿಂದ ಮೈಲಿಗೆಯಾದ ದೇವಸ್ಥಾನವನ್ನು.

ಇನ್ನು ಮೂರು ಸಂಗತಿಗಳು ಮುಖ್ಯ. ಒಂದು, ದೋಷಪರಿಹಾರಕ ಯಜ್ಞ ಇರುವುದು ಮುಖ್ಯವಾಗಿ ಅರಿಯದೆ ಮಾಡಿದ ತಪ್ಪಿಗೆ. ಸೊಕ್ಕಿನಿಂದ, ಬೇಕೆಂದೇ ಮಾಡಿದ ದ್ರೋಹಕ್ಕೆ ಅರಣ್ಯಕಾಂಡದ 15ನೆಯ ಅಧ್ಯಾಯ ಯಾವ ಯಜ್ಞವನ್ನೂ ವಿಧಿಸುವುದಿಲ್ಲ. ಎರಡು, ಕುರಿ ತರಲಾಗದ ಬಡವ ಎರಡು ಹಕ್ಕಿಗಳನ್ನು ತರಬಹುದು. ಅದೂ ಆಗದಿದ್ದರೆ ಎಣ್ಣೆ, ಧೂಪ ಯಾವುದೂ ಇಲ್ಲದ ಒಂದು ಅಳತೆ ಗೋದಿಹಿಟ್ಟು ಸಾಕು, ಅವನಿಗೂ ಕ್ಷಮೆಯಾಗುತ್ತದೆ. ಮೂರು, 17ನೆಯ ಅಧ್ಯಾಯದಲ್ಲಿ ದೇವರು ಪ್ರಾಣವಿರುವ ರಕ್ತವನ್ನು ಯಜ್ಞವೇದಿಗೆಂದು ಮನುಷ್ಯರಿಗೆ ತಾನೇ ಕೊಟ್ಟಿರುವುದಾಗಿ ಹೇಳುತ್ತಾನೆ. ಬಲಿಯ ಮೂಲ ಕೊಡುಗೆ ದೇವರದು, ಮನುಷ್ಯನದಲ್ಲ. ಕ್ರೈಸ್ತ ವಿವರಣೆಗಳಲ್ಲಿ ಗಟ್ಟಿಯಾದವು ಈ ಮೂರನೆಯ ಸಂಗತಿಯನ್ನು ಹಿಡಿದುಕೊಂಡವು. ದುರ್ಬಲವಾದವು ಅದನ್ನು ಕೈಬಿಟ್ಟವು.

ಆಮೋಸ, ಹೋಶೇಯ, ಯೆಶಾಯ, ಮೀಕ ಮೊದಲಾದ ಪ್ರವಾದಿಗಳು ನ್ಯಾಯವಿಲ್ಲದ ಬಲಿಯನ್ನು ಕಟುವಾಗಿ ತಿರಸ್ಕರಿಸಿದರು. ಯೆಶಾಯನ ಗ್ರಂಥದ 53ನೆಯ ಅಧ್ಯಾಯದಲ್ಲಿ ಅನೇಕರ ಪಾಪ ಹೊತ್ತು ಬಾಯಿ ತೆರೆಯದೆ ನಡೆಯುವ ಸೇವಕನ ಚಿತ್ರವಿದೆ. ಕ್ರೈಸ್ತರು ಅವನಲ್ಲಿ ಯೇಸುವನ್ನು ಕಂಡರೆ, ಯೆಹೂದಿ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಇಸ್ರಾಯೇಲ್ ಜನಾಂಗವನ್ನೇ ಕಂಡರು. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಯೆಹೂದ್ಯರಲ್ಲಿ ಬಲಿ ನಿಂತಿತು. ಪಶ್ಚಾತ್ತಾಪ, ಪ್ರಾರ್ಥನೆ, ದಾನಧರ್ಮಗಳು ಅದರ ಜಾಗಕ್ಕೆ ಬಂದವು.

ಹೊಸ ಒಡಂಬಡಿಕೆ

ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರ ಬಿಡುಗಡೆಗೆ ಈಡಾಗಿ ಕೊಡುವ ಮಾತಾಡುತ್ತಾನೆ. ಕಡೆಯ ಭೋಜನದಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಕೊಡುತ್ತ ಅದನ್ನು ಒಡಂಬಡಿಕೆಯ ರಕ್ತವೆಂದು ಕರೆಯುತ್ತಾನೆ. ಯೋಹಾನನ ಸುವಾರ್ತೆಯ ಕಾಲಗಣನೆಯಂತೆ ಯೇಸು ಶಿಲುಬೆಗೇರಿದ್ದು ಪಸ್ಕ ಹಬ್ಬದ ಕುರಿಗಳನ್ನು ಕೊಯ್ಯುವ ದಿನ. ಪೌಲ ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಕ್ರಿಸ್ತನನ್ನು ಪಾಪಪರಿಹಾರಕ್ಕೆಂದು ಮುಂದಿಟ್ಟವನು ದೇವರೇ ಎನ್ನುತ್ತಾನೆ.

ಬಲಿಯ ತತ್ತ್ವ ಹೆಚ್ಚು ವ್ಯವಸ್ಥಿತವಾಗಿ ಬಂದಿರುವುದು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ. ಕ್ರಿಸ್ತನೇ ಮಹಾಯಾಜಕ, ಕ್ರಿಸ್ತನೇ ಬಲಿ. ವರ್ಷವರ್ಷವೂ ನಡೆಯಬೇಕಿದ್ದದ್ದು ಒಂದೇ ಸಲಕ್ಕೆ ಮುಗಿಯಿತು. ಹೋರಿ ಹೋತಗಳ ರಕ್ತಕ್ಕೆ ಪಾಪ ಕಳೆಯುವ ಶಕ್ತಿಯೇ ಇರಲಿಲ್ಲ. ರಕ್ತ ಸುರಿಯದೆ ಕ್ಷಮೆಯಿಲ್ಲ ಎಂಬ ಪ್ರಸಿದ್ಧ ವಾದ ಇದರ 9ನೆಯ ಅಧ್ಯಾಯದ್ದು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹೆಚ್ಚುಕಡಿಮೆ ಎಲ್ಲವೂ ರಕ್ತದಿಂದ ಶುದ್ಧವಾಗುತ್ತವೆ ಎಂಬ ಪೀಠಿಕೆಯೊಂದಿಗೆ ಆ ಮಾತು ಬರುತ್ತದೆ. ಬಡವನ ಹಿಟ್ಟಿಗೆ ಆ ‘ಹೆಚ್ಚುಕಡಿಮೆ’ ಜಾಗ ಬಿಟ್ಟಿದೆಯೆಂದು ಹೇಳಬಹುದು.

ಇದಕ್ಕೆ ಎದುರಾಗಿ ನಿಲ್ಲಿಸುವ ಭಾಗಗಳೂ ಸುವಾರ್ತೆಗಳಲ್ಲೇ ಇವೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ಬಡಿದವನಿಗೆ ಯೇಸು ಯಾವ ಬಲಿಯೂ ಇಲ್ಲದೆ ಕ್ಷಮೆಯ ಮಾತು ಹೇಳುತ್ತಾನೆ. ಲೂಕನ 15ನೆಯ ಅಧ್ಯಾಯದ ಸಾಮ್ಯದಲ್ಲಿ ಮನೆ ಬಿಟ್ಟು ಹೋದ ಮಗನನ್ನು ತಂದೆ ಏನನ್ನೂ ಕೇಳದೆ ಅಪ್ಪಿಕೊಳ್ಳುತ್ತಾನೆ.

ಸಿದ್ಧಾಂತಗಳು

ಈಡಿನ ಸಿದ್ಧಾಂತ. ಮೊದಲ ಶತಮಾನಗಳ ಚಿಂತಕರಲ್ಲಿ ಹಲವರಿಗೆ ಮನುಷ್ಯ ಪಾಪದಿಂದಾಗಿ ಸೈತಾನನ ವಶದಲ್ಲಿದ್ದ ಸೆರೆಯಾಳು, ಕ್ರಿಸ್ತ ಅವನ ಬಿಡುಗಡೆಗೆ ತೆತ್ತ ಈಡು. ನಿಸ್ಸಾದ ಗ್ರೆಗೊರಿ (4ನೆಯ ಶತಮಾನ) ಕ್ರಿಸ್ತನ ದೈವತ್ವವನ್ನು ಮೈಯೆಂಬ ಎರೆಯೊಳಗೆ ಅಡಗಿದ ಗಾಳಕ್ಕೆ ಹೋಲಿಸಿದ. ಅವನ ಸಮಕಾಲೀನ ನಾಜಿಯಾಂಜಸಿನ ಗ್ರೆಗೊರಿಗೆ ಇದು ಹಿಡಿಸಲಿಲ್ಲ. ಈಡು ಸಂದದ್ದು ಯಾರಿಗೆ ಎಂದು ಅವನು ಕೇಳಿದ. ಸೈತಾನನಿಗೆ ಎಂದರೆ ಅದು ಅವಮಾನ. ತಂದೆಗೆ ಎಂದರೆ, ಅಬ್ರಹಾಮ ಒಪ್ಪಿಸಹೊರಟ ಇಸಾಕನನ್ನೇ ಬೇಡವೆಂದ ದೇವರು ತನ್ನ ಮಗನ ರಕ್ತದಲ್ಲಿ ಸುಖ ಕಾಣುತ್ತಾನೆಯೆ? ಬಲಿಯ ಬಗ್ಗೆ ಸಭೆಯೊಳಗಿನಿಂದಲೇ ಎದ್ದ ಅತ್ಯಂತ ಹರಿತವಾದ ಪ್ರಶ್ನೆಗಳಲ್ಲಿ ಇದೊಂದು. 1157ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂಡಿದ ಸಭೆ, ಬಲಿ ಸಂದದ್ದು ತಂದೆಗೆ ಮಾತ್ರವಲ್ಲ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದಾದ ತ್ರೈಏಕತ್ವಕ್ಕೆ ಎಂದು ತೀರ್ಮಾನಿಸಿತು.

ಪರಿಹಾರದ ಸಿದ್ಧಾಂತ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರಲ್ಲಿ ಮುಗಿಸಿದ, ದೇವರು ಮನುಷ್ಯನಾದದ್ದು ಏಕೆ ಎಂಬ ಸಂವಾದ ಗ್ರಂಥದಲ್ಲಿ ‘ಬಲಿ ಬೇಕೇಬೇಕಿತ್ತು’ ಎಂಬುದಕ್ಕೆ ತರ್ಕದ ಅಡಿಪಾಯ ಹಾಕಿದ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಅದನ್ನು ಸುಮ್ಮನೆ ಬಿಟ್ಟರೆ ಲೋಕದ ಕ್ರಮವೇ ಕೆಡುತ್ತದೆ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದುದರಿಂದ ದೇವಮಾನವನೇ ಬರಬೇಕಾಯಿತು. ಆನ್ಸೆಲ್ಮನಲ್ಲಿ ಕ್ರಿಸ್ತ ಶಿಕ್ಷೆ ಅನುಭವಿಸುವುದಿಲ್ಲ, ಶಿಕ್ಷೆ ತಪ್ಪುವಂತೆ ಪರಿಹಾರ ಕೊಡುತ್ತಾನೆ. ಇವೆರಡರ ನಡುವಿನ ಅಂತರ ಜನಪ್ರಿಯ ಬೋಧನೆಗಳಲ್ಲಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಈ ಅನಿವಾರ್ಯತೆಯನ್ನೇ ಸಡಿಲಿಸಿದ: ದೇವರ ಮೇಲೆ ಇನ್ನೊಬ್ಬ ನ್ಯಾಯಾಧೀಶನಿಲ್ಲ, ಪರಿಹಾರವಿಲ್ಲದೆ ಕ್ಷಮಿಸಿದ್ದರೂ ಅನ್ಯಾಯವಾಗುತ್ತಿರಲಿಲ್ಲ, ಆದರೂ ಶಿಲುಬೆಯ ದಾರಿಯೇ ಹೆಚ್ಚು ಉಚಿತವಾಗಿತ್ತು.

ಪ್ರೀತಿಯ ನಿದರ್ಶನ. 12ನೆಯ ಶತಮಾನದ ಪೀಟರ್ ಅಬೆಲಾರ್ಡ್ ಶಿಲುಬೆಯಿಂದ ಬದಲಾಗುವುದು ದೇವರ ಮನಸ್ಸಲ್ಲ, ಮನುಷ್ಯನ ಮನಸ್ಸು ಎಂದ.

ಶಿಕ್ಷೆಯ ಬದಲಿ. 16ನೆಯ ಶತಮಾನದ ಸುಧಾರಕರಲ್ಲಿ, ಮುಖ್ಯವಾಗಿ ಕಾನೂನು ಓದಿದ್ದ ಜಾನ್ ಕ್ಯಾಲ್ವಿನ್‌ನಲ್ಲಿ, ಚಿತ್ರ ನ್ಯಾಯಾಲಯದ್ದಾಯಿತು: ಅಪರಾಧಿಗೆ ಸಲ್ಲಬೇಕಾದ ದಂಡನೆಯನ್ನು ನಿರಪರಾಧಿ ಹೊತ್ತ. ಇದಕ್ಕೆ ಎದುರಾಗಿ ಫೌಸ್ತೊ ಸೊಚ್ಚೀನಿ 1594ರಲ್ಲಿ ಅಚ್ಚಾದ ಗ್ರಂಥದಲ್ಲಿ, ಸಾಲ ವಸೂಲಾದ ಮೇಲೆ ಅದನ್ನು ಮನ್ನಾ ಮಾಡಿದೆನೆಂದು ಹೇಳುವಂತಿಲ್ಲ, ಮನ್ನಾ ಮಾಡಿದ್ದರೆ ವಸೂಲಿಯ ಮಾತಿಲ್ಲ ಎಂದು ವಾದಿಸಿದ. 1617ರಲ್ಲಿ ಹ್ಯೂಗೊ ಗ್ರೋಷಿಯಸ್ ಇದಕ್ಕೆ ಉತ್ತರ ಬರೆದು, ದೇವರನ್ನು ಸಾಲ ಕೊಟ್ಟವನಂತೆ ನೋಡದೆ ಲೋಕದ ಶಾಸನ ಕಾಯುವ ಅರಸನಂತೆ ನೋಡಬೇಕೆಂದ.

20ನೆಯ ಶತಮಾನದಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೆನ್ (1930) ಸಾವು ಮತ್ತು ದುಷ್ಟಶಕ್ತಿಗಳ ಮೇಲೆ ಕ್ರಿಸ್ತನ ಜಯ ಎಂಬ ಹಳೆಯ ದೃಷ್ಟಿಯನ್ನು ಮತ್ತೆ ಎತ್ತಿಹಿಡಿದ. ಫ್ರಾನ್ಸಿನ ರೆನೆ ಜಿರಾರ್ ಬಲಿಪಶುವನ್ನು ಹುಡುಕಿ ಒಂದಾಗುವ ಸಮಾಜದ ಚಾಳಿಯನ್ನು ಶಿಲುಬೆ ಬಯಲಿಗೆಳೆಯಿತೆಂದು ವಾದಿಸಿದ.

ಕನ್ನಡ ಸೀಮೆಯಲ್ಲಿ ಬಲಿಯ ಚರ್ಚೆ

ಮಿಷನರಿಗಳು ಬರುವ ಹೊತ್ತಿಗೆ ಕನ್ನಡದಲ್ಲಿ ಬಲಿಯ ವಿಮರ್ಶೆ ಎಷ್ಟೋ ಶತಮಾನ ಹಳೆಯದಾಗಿತ್ತು. 12ನೆಯ ಶತಮಾನದ ಬಸವಣ್ಣನವರ ವಚನಗಳು ಹರಕೆಯ ಕುರಿಯ ಪರವಾಗಿ ನಿಂತು ಕಡಿಯುವವರನ್ನು ಪ್ರಶ್ನಿಸಿದವು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಯಜ್ಞಕ್ಕೆ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ವಿಧಿಸಿದರು. ಜನ್ನನ ‘ಯಶೋಧರ ಚರಿತೆ’ (1209) ಅದನ್ನೂ ಒಪ್ಪದು. ಅಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ. ಆ ಸಂಕಲ್ಪದ ಹಿಂಸೆಗಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಯಾಜಕಕಾಂಡದಲ್ಲಿ ಬಡವನ ಹಿಟ್ಟು ಕ್ಷಮೆ ತಂದರೆ ಜನ್ನನಲ್ಲಿ ಅರಸನ ಹಿಟ್ಟು ಪಾಪ ತಂದಿತು. ಬದಲಿ ವಸ್ತುವಿನಿಂದ ಪಾಪ ಕಳೆಯಬಹುದೆಂಬ ಎಣಿಕೆಗೆ ಜೈನ ಕರ್ಮಸಿದ್ಧಾಂತದಲ್ಲಿ ಎಡೆಯೇ ಇಲ್ಲ: ಮಾಡಿದ್ದನ್ನು ಮಾಡಿದವನೇ ಉಣ್ಣಬೇಕು. ಕ್ರೈಸ್ತ ಬೋಧಕರಿಗೆ ಎದುರಾದ ಅತ್ಯಂತ ಗಟ್ಟಿ ಆಕ್ಷೇಪ ಇದೇ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ. ಅವನೂ ವಿಲಿಯಂ ರೀವ್‌ನೂ ಸೇರಿ ನಡೆಸಿದ ಅನುವಾದದಿಂದ 1831ರ ಸುಮಾರಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಬೈಬಲಿನ ವಿಧಿಗಳಿಗೆ ಯಜ್ಞ, ಹೋಮ, ನೈವೇದ್ಯ, ಯಾಜಕರ ಪರಿಭಾಷೆಯೇ ನಿಂತಿತು. ಮಂಗಳೂರಿನ ಬಾಸೆಲ್ ಮಿಷನ್ (1834) ಈ ನಂಟನ್ನು ವಾದವಾಗಿ ಬೆಳೆಸಿತು. ನಿಘಂಟುಕಾರ ಫರ್ಡಿನೆಂಡ್ ಕಿಟೆಲ್ (1832–1903) ಯೇಸುವಿನ ಕತೆಯನ್ನು ‘ಕಥಾಮಾಲೆ’ ಎಂಬ ಕಾವ್ಯವಾಗಿ 1862ರಲ್ಲಿ ಪ್ರಕಟಿಸಿದ್ದ. ಹತ್ತು ವರ್ಷಗಳ ಮೇಲೆ, 1872ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವನ ‘ಯಜ್ಞಸುಧಾನಿಧಿ’ ಹೊರಬಂತು. ನಿಘಂಟಿನ ನೆರಳಿನಲ್ಲಿ ಮರೆತುಹೋದ ಈ ಪುಸ್ತಕ ನಮ್ಮ ವಿಷಯದ ಮಟ್ಟಿಗೆ ಕನ್ನಡ ಸೀಮೆಯ ಮುಖ್ಯ ಕೃತಿ. ವೇದಕಾಲದ ಯಜ್ಞವನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಆ ಕಾಲದ ಪ್ರಚಾರ ಸಾಹಿತ್ಯದ ಸುಲಭದ ದಾರಿಯಾಗಿತ್ತು. ಕಿಟೆಲ್ ಯಜ್ಞವನ್ನು ಗಂಭೀರವಾಗಿ ತೆಗೆದುಕೊಂಡು, ಅಲ್ಲಿಂದ ಕ್ರಿಸ್ತನ ಬಲಿಯತ್ತ ಹೊರಳಿದ.

ಮೂರು ವರ್ಷಗಳ ಬಳಿಕ ಕಲ್ಕತ್ತೆಯ ಕ್ರೈಸ್ತ ಚಿಂತಕ ಕೃಷ್ಣಮೋಹನ ಬ್ಯಾನರ್ಜಿ (1813–1885) ‘ದಿ ಏರಿಯನ್ ವಿಟ್ನೆಸ್’ (1875) ಗ್ರಂಥದಲ್ಲಿ ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರು. ಬ್ರಾಹ್ಮಣ ಗ್ರಂಥಗಳಲ್ಲಿ ಪ್ರಜಾಪತಿ ದೇವತೆಗಳಿಗಾಗಿ ತನ್ನನ್ನೇ ಯಜ್ಞವಾಗಿ ಕೊಟ್ಟುಕೊಂಡ ಪ್ರಸಂಗವಿದೆ. ಆ ನೆನಪು ಕ್ರಿಸ್ತನಲ್ಲಿ ನಿಜವಾಯಿತು ಎಂಬುದು ಅವರ ನಿಲುವು. ಇದಕ್ಕೂ ಮೊದಲು ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆರಿಸಿ ಪ್ರಕಟಿಸಿ, ಬಲಿಯ ತತ್ತ್ವವನ್ನು ಹೊರಗಿಟ್ಟಿದ್ದರು. ಶ್ರೀರಾಮಪುರದ ಜೋಶುವಾ ಮಾರ್ಷ್‌ಮನ್ ಅದನ್ನು ಖಂಡಿಸಿದ್ದರಿಂದ ಹುಟ್ಟಿದ ವಾದ 1823ರವರೆಗೂ ನಡೆಯಿತು. ಗಾಂಧೀಜಿ ಆತ್ಮಕಥೆಯಲ್ಲಿ ದಕ್ಷಿಣ ಆಫ್ರಿಕದ ಒಬ್ಬ ಕ್ರೈಸ್ತ ಗೆಳೆಯನಿಗೆ ಕೊಟ್ಟ ಉತ್ತರವೂ ಇದೇ ಜಾಡಿನದು: ಅವರಿಗೆ ಬೇಕಿದ್ದದ್ದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ.

ರಾಯದುರ್ಗ, ಮಡಕಶಿರ ಮತ್ತು ಅನಂತಪುರ ಸೀಮೆ

1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾದಾಗ ಮಡಕಶಿರ ಹೊಸ ಜಿಲ್ಲೆಗೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೂ ಅನಂತಪುರ ಜಿಲ್ಲೆಗೂ ಬಂತು. 2022ರ ಏಪ್ರಿಲಿನಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮಡಕಶಿರ ಸೀಮೆಯ ಹೇಮಾವತಿ (ಹೆಂಜೇರು) ನೊಳಂಬರ ರಾಜಧಾನಿ, ಕನ್ನಡ ಶಾಸನಗಳ ನೆಲೆ. ಊರಿನ ದನಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳು ನೊಳಂಬವಾಡಿಯಲ್ಲಿ ಸಾಕಷ್ಟಿವೆ. ಒಬ್ಬನ ಸಾವು ಊರಿಗೆ ಉಪಕಾರವಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾರೂ ಹೊಸದಾಗಿ ಹೇಳಬೇಕಿರಲಿಲ್ಲ.

ಅನಂತಪುರದ ಪಕ್ಕದ ಬುಕ್ಕರಾಯಸಮುದ್ರ ಕೆರೆಯ ಮುಸಲಮ್ಮನ ಐತಿಹ್ಯ ಇದರ ಅತ್ಯಂತ ಹತ್ತಿರದ ಉದಾಹರಣೆ. ಮಳೆಗೆ ಕೆರೆಯ ಏರಿ ಒಡೆಯತೊಡಗುತ್ತದೆ. ಬಸಿರೆಡ್ಡಿಯ ಕಿರಿಯ ಸೊಸೆ ಮುಸಲಮ್ಮನನ್ನು ಕೊಟ್ಟರೆ ಮಾತ್ರ ಏರಿ ನಿಲ್ಲುತ್ತದೆ ಎಂದು ದೈವವಾಣಿಯಾಗುತ್ತದೆ. ಅವಳು ತಾನಾಗಿ ನಡೆದುಹೋಗಿ ಬಿರುಕಿನಲ್ಲಿ ನಿಲ್ಲುತ್ತಾಳೆ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿ 19ನೆಯ ಶತಮಾನದ ಕೊನೆಯಲ್ಲಿ ಇದನ್ನೇ ‘ಮುಸಲಮ್ಮ ಮರಣಮು’ ಎಂಬ ತೆಲುಗು ಕಾವ್ಯವಾಗಿಸಿದರು. ಕನ್ನಡದ ‘ಕೆರೆಗೆ ಹಾರ’ದ ಭಾಗೀರಥಿಯದೂ ಇದೇ ಬಗೆಯ ಕತೆ. ಶಿಲುಬೆಯ ಕತೆಗೂ ಇವಕ್ಕೂ ಮೇಲ್ನೋಟದ ಹೋಲಿಕೆ ಬಲವಾಗಿದೆ: ನಿರಪರಾಧಿ, ತಾನಾಗಿ ಒಪ್ಪಿದ ಸಾವು, ಎಲ್ಲರ ಉಳಿವು. ವ್ಯತ್ಯಾಸವಿರುವುದು ಕೇಳುವವರು ಯಾರು, ಕೊಡುವವರು ಯಾರು ಎಂಬಲ್ಲಿ. ಇಲ್ಲಿ ದೈವ ಕೇಳುತ್ತದೆ, ಊರು ಕೊಡುತ್ತದೆ, ಹೋಗುವವಳು ಮನೆಯಲ್ಲಿ ಎಲ್ಲರಿಗಿಂತ ಕೆಳಗಿನ ಕಿರಿಯ ಸೊಸೆ. ಕ್ರೈಸ್ತ ನಂಬಿಕೆಯಲ್ಲಿ ದೇವರೇ ಮಗನಾಗಿ ಬಂದು ತನ್ನನ್ನು ಕೊಟ್ಟುಕೊಳ್ಳುತ್ತಾನೆ. ತ್ರೈಏಕತ್ವದ ಈ ಕೊಂಡಿ ಕಳಚಿದರೆ ಉಳಿಯುವುದು ತಂದೆ ಬೇರೊಬ್ಬನನ್ನು ಬಲಿ ಕೊಟ್ಟ ಕತೆ. ಸಿದ್ಧಾಂತದ ಮೇಲೆ ಬಂದಿರುವ ಟೀಕೆಗಳಲ್ಲಿ ಬಹುಪಾಲು ಈ ಕೊಂಡಿ ಕಳಚಿದ ರೂಪವನ್ನು ಕುರಿತದ್ದು. ಬೋಧಕರೇ ಎಷ್ಟೋ ಸಲ ಆ ರೂಪವನ್ನೇ ಬೋಧಿಸಿದ್ದಾರೆ ಎಂಬುದೂ ನಿಜ.

ಗ್ರಾಮದೇವತೆಯ ಬಲಿಯ ವಿವರಗಳನ್ನು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತ 1916ರ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಕೋಣದ ತಲೆ ಕಡಿದು, ಅದರ ಬಲಗಾಲನ್ನು ಬಾಯಿಗಿಟ್ಟು, ಕೊಬ್ಬನ್ನು ಕಣ್ಣುಗಳ ಮೇಲೆ ಸವರಿ, ತಲೆಯ ಮೇಲೆ ದೀಪ ಹಚ್ಚಿ ದೇವಿಯ ಮುಂದೆ ಇಡುತ್ತಾರೆ. ರಕ್ತ ಬೆರೆಸಿದ ಅನ್ನವನ್ನು ಊರ ಎಲ್ಲೆಯ ಸುತ್ತ ಚೆಲ್ಲುತ್ತಾರೆ. ಉದ್ದೇಶ ಸಿಡುಬು, ಕಾಲರಾ, ಬರ ಊರಿಗೆ ಬಾರದಿರಲಿ ಎಂಬುದು. ಪಾಪದ ಅರಿಕೆಯಾಗಲಿ, ಕ್ಷಮೆಯ ಬೇಡಿಕೆಯಾಗಲಿ ಇದರ ಮುಖ್ಯ ಅಂಗವಲ್ಲ. ಬೋಧಕ ಶಿಲುಬೆಯನ್ನು ಬಲಿಯೆಂದು ಕರೆದೊಡನೆ ಕೇಳುಗ ಈ ಅರ್ಥದಲ್ಲಿ ಗ್ರಹಿಸುವ ಸಂಭವವೇ ಹೆಚ್ಚು: ಮುನಿದ ದೈವ, ತಣಿಸುವ ರಕ್ತ. ಮತಾಂತರ ಹೊಂದಿದವರಲ್ಲಿ ಹೆಚ್ಚಿನವರು ಮಾದಿಗ, ಮಾಲ ಸಮುದಾಯದವರು. ಜಾತ್ರೆಯ ಕೋಣದ ಬಲಿಯಲ್ಲಿ ಕಡಿಯುವ, ಹೊರುವ, ಹಲಗೆ ಬಡಿಯುವ ಕೆಲಸ ಕಟ್ಟುಪಾಡಾಗಿ ಬಿದ್ದದ್ದು ಬಹುಮಟ್ಟಿಗೆ ಇವರ ಮೇಲೆಯೇ. ಬಲಿ ಒಂದೇ ಸಲಕ್ಕೆ ಮುಗಿಯಿತು ಎಂಬ ಇಬ್ರಿಯರ ಪತ್ರಿಕೆಯ ವಾದ ಅವರಿಗೆ ತತ್ತ್ವದ ಜೊತೆಗೆ ಆ ಕಟ್ಟುಪಾಡಿನಿಂದ ಬಿಡುಗಡೆಯಾಗಿಯೂ ಕೇಳಿಸಿರಬಹುದು.

ರಾಯದುರ್ಗ, ಮಡಕಶಿರ ಎರಡೂ ಮದ್ರಾಸ್ ರಾಜ್ಯದಲ್ಲಿದ್ದಾಗಲೇ 1950ರ ಮದ್ರಾಸ್ ಕಾಯಿದೆ ದೇವಸ್ಥಾನಗಳಲ್ಲಿ ಪ್ರಾಣಿಪಕ್ಷಿ ಬಲಿಯನ್ನು ನಿಷೇಧಿಸಿತು. ಗಡಿಯಾಚೆ ಮೈಸೂರಿನಲ್ಲಿ 1959ರ ಕಾಯಿದೆ ಬಂತು.

ಆಚರಣೆ

ಕನ್ನಡ ಕಥೋಲಿಕರು ತಮ್ಮ ಮುಖ್ಯ ಆರಾಧನೆಯನ್ನು ಬಲಿಪೂಜೆ ಎನ್ನುತ್ತಾರೆ. 1562ರ ಟ್ರೆಂಟ್ ಮಹಾಸಭೆಯ ಬೋಧನೆಯಂತೆ ಶಿಲುಬೆಯ ಅದೇ ಬಲಿ ಅಲ್ಲಿ ರಕ್ತವಿಲ್ಲದೆ ಸನ್ನಿಹಿತವಾಗುತ್ತದೆ. 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದ ಲಂಡನ್ ಮಿಷನ್ ಪರಂಪರೆಯವರಿಗೆ ಅದು ಕರ್ತನ ಭೋಜನ, ಮುಗಿದ ಬಲಿಯ ಸ್ಮರಣೆ. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗ ನಡೆಸುವ ರೂಢಿ ಇವರಲ್ಲಿ ವ್ಯಾಪಕವಾಗಿದೆ.

ಇತ್ತೀಚಿನ ವಿಮರ್ಶೆ

1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಅರವಿಂದ ಪಿ. ನಿರ್ಮಲ್ ಮೊದಲಾದವರಿಂದ ರೂಪುಗೊಂಡ ದಲಿತ ದೈವಶಾಸ್ತ್ರ ಶಿಲುಬೆಯನ್ನು ದೇವರು ತುಳಿತಕ್ಕೊಳಗಾದವರ ಜೊತೆ ನಿಂತ ಜಾಗವಾಗಿ ಓದಿತು. ಸ್ತ್ರೀವಾದಿ ಚಿಂತಕರು, ತ್ಯಾಗವೇ ಪುಣ್ಯವೆಂಬ ಬೋಧೆ ಯಾವಾಗಲೂ ತ್ಯಾಗಕ್ಕೆ ಗುರಿಯಾಗುತ್ತ ಬಂದವರನ್ನು ಇನ್ನಷ್ಟು ಬಗ್ಗಿಸುತ್ತದೆ ಎಂದು ಎಚ್ಚರಿಸಿದರು. ಮುಸಲಮ್ಮನ ಸೀಮೆಯಲ್ಲಿ ಈ ಎಚ್ಚರಿಕೆಗೆ ತೂಕವಿದೆ. ಕ್ಷಮೆಗೆ ಬಲಿ ಏಕೆ ಬೇಕಾಯಿತು ಎಂಬುದಕ್ಕೆ ಕ್ರೈಸ್ತ ಚಿಂತನೆ ಕೊಟ್ಟ ಉತ್ತರಗಳಲ್ಲಿ ಈ ಟೀಕೆಯನ್ನು ತಾಳಿಕೊಳ್ಳಬಲ್ಲದ್ದು ಒಂದು ಎಂದು ತೋರುತ್ತದೆ: ತಪ್ಪಿಗೆ ತೆರಬೇಕಾದ ಬೆಲೆಯನ್ನು ತಪ್ಪಿಗೆ ಗುರಿಯಾದವನೇ ಹೊತ್ತುಕೊಂಡರೆ ಮಾತ್ರ ಅದು ಕ್ಷಮೆ, ಮೂರನೆಯವರ ಮೇಲೆ ಹೊರಿಸಿದರೆ ಅದು ಕ್ಷಮೆಯಲ್ಲ, ಕ್ರೌರ್ಯ. ಶಿಲುಬೆಯಲ್ಲಿ ಹಾಗೆ ಹೊತ್ತವನು ದೇವರೇ ಎಂಬ ನಂಬಿಕೆ ಇರುವವರೆಗೆ ಈ ಸಿದ್ಧಾಂತ ನಿಲ್ಲುತ್ತದೆ. ಅದರ ಹೆಸರಿನಲ್ಲಿ ಇನ್ನೊಬ್ಬರನ್ನು ಬಲಿಗೆ ಒಪ್ಪಿಸಲು ಇಬ್ರಿಯರ ಪತ್ರಿಕೆಯ ಪ್ರಕಾರವೇ ಅವಕಾಶವಿಲ್ಲ.